ಹತ್ತು ಮಕ್ಕಳ ದಂಡ

ಕಳೆದ ಮಂಗಳವಾರ ಬೆಳಿಗ್ಗೆ ಆರೂ ಹತ್ತಕ್ಕೆ ಫೋನು ಬಂತು. ಆ ಹೊತ್ತು ನನ್ನ ನಡಿಗೆಯದು, ಫೋನು ತೆಗೆಯುವುದಿಲ್ಲ. ಎರಡನೆಯ ಸಲವೂ ಬಡಿದುಕೊಂಡದ್ದರಿಂದ ತೆಗೆದೆ. ಮೊಳಕಾಲ್ಮೂರಿನಿಂದ ದಫೇದಾರರ ಮಗಳು ಮಾತಾಡುತ್ತಿದ್ದಳು.

“ಸಾ, ಅಪ್ಪಾಜಿ ಹೋಗಿಬಿಟ್ರು. ಎರಡೇ ದಿನದ ಜ್ವರ. ನಿನ್ನೆ ಸಂಜೆ ಎಲ್ಲಾ ಮುಗೀತು. ಗಡಿಬಿಡಿಯಾಗೆ ನಿಮಗೆ ಹೇಳಾಕಾಗ್ಲಿಲ್ಲ.”

ಅಂಥ ಹೊತ್ತಿನಲ್ಲಿ ಏನು ಹೇಳಬೇಕೋ ಅದನ್ನು ಹೇಳಿದೆ. ಅವಳು ಫೋನು ಇಡಲಿಲ್ಲ.

“ಇನ್ನೊಂದು ಸಾ. ಹನ್ನೊಂದನೇ ದಿನಕ್ಕೆ ಒಂದು ಫೋಟೋ ದೊಡ್ಡದು ಮಾಡಿಸ್ಬೇಕು. ಮನೆಯಾಗೆ ಇರೋದು ಐಡಿ ಕಾರ್ಡಿಂದು ಒಂದೇ. ರಿಟೈರ್ ಆದಾಗ ತೆಗೆದಿದ್ರಾಗೆ ಹಾರ ಮುಖದ ಮೇಲೆ ಬಂದೈತೆ. ಅವರು ರೋಡ್‌ನಾಗೆ ನಿಂತಿರೋದು, ಕೆಲಸ ಮಾಡ್ತಿರೋದು, ಅಂಥದ್ದು ನಿಮ್ಮತ್ರ ಐತಾ?”

“ನೋಡ್ತೀನಮ್ಮ” ಎಂದೆ.

ನೋಡಬೇಕಾಗಿರಲಿಲ್ಲ. ಒಂದು ಇತ್ತು. ಯಾವ ಕಡತದಲ್ಲಿ, ಯಾವ ಹಾಳೆಯ ಹಿಂದೆ ಎಂಬುದೂ ಗೊತ್ತಿತ್ತು. ಅದನ್ನು ಕೊಡಬಹುದೋ ಬಾರದೋ ಎಂದು ತೀರ್ಮಾನಿಸಲು ಮಾತ್ರ ನಡಿಗೆಯ ಉಳಿದ ಎರಡು ಸುತ್ತು ಬೇಕಾಯಿತು.

ಚಳ್ಳಕೆರೆಯ ಒಂದು ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಶಾಲೆಯ ಗೇಟು ದೊಡ್ಡ ರಸ್ತೆಗೆ ತೆರೆದುಕೊಳ್ಳುತ್ತದೆ. ಎದುರಿಗೆ ಹಳ್ಳಿಯ ರಸ್ತೆಯೊಂದು ಬಂದು ಸೇರುತ್ತದೆ. ಊರಿನವರು ಅದನ್ನು ಶಾಲೆ ಕ್ರಾಸ್ ಎನ್ನುತ್ತಾರೆ. ಮಕ್ಕಳಲ್ಲಿ ಮುಕ್ಕಾಲು ಪಾಲು ಆಚೆ ಕಡೆಯವರು. ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಗಂಟೆ ಬಾರಿಸಿದರೆ ಎಲ್ಲರೂ ಆ ರಸ್ತೆ ದಾಟಲೇಬೇಕು. ಅಲ್ಲಿ ಹನ್ನೊಂದು ವರ್ಷ ಟ್ರಾಫಿಕ್ ಪೊಲೀಸಾಗಿ ನಿಂತಿದ್ದವರು ಈ ದಫೇದಾರರು.

ಎತ್ತರದ ಆಳಲ್ಲ. ಟೋಪಿ ತಲೆಗಿಂತ ಒಂದು ಅಳತೆ ದೊಡ್ಡದು. ಅಂಗಿಯ ಮೇಲಿನ ಗುಂಡಿ ಯಾವಾಗಲೂ ಬಿಚ್ಚಿರುತ್ತಿತ್ತು. ಗುಂಡಿ ಬಿಚ್ಚಿದ ಹುಡುಗನನ್ನು ನಾನು ಮೈದಾನಕ್ಕೆ ಬಿಡುತ್ತಿರಲಿಲ್ಲ. ಗೇಟಿನ ಆಚೆ ಹತ್ತು ಹೆಜ್ಜೆಯಲ್ಲಿ ಸರ್ಕಾರದ ಸಮವಸ್ತ್ರವೇ ಹಾಗೆ ನಿಂತಿರುವುದನ್ನು ದಿನವೂ ನೋಡಬೇಕಾಗಿತ್ತು. ಮೊದಲ ವರ್ಷ ನಾವು ಮಾತಾಡಿದ್ದು ಕಡಿಮೆ.

ನನ್ನ ಕೊರಳಲ್ಲಿ ಸೀಟಿ ಇರುತ್ತಿತ್ತು. ಅವರಿಗೂ ಇಲಾಖೆ ಒಂದು ಕೊಟ್ಟಿತ್ತು. ಅವರು ಅದನ್ನು ಊದಿದ್ದು ನಾನು ಕೇಳಿಲ್ಲ. ಒಮ್ಮೆ ಕಾರಣ ಕೇಳಿದೆ.

“ಕುರಿ ಬೆದರ್ತವೆ ಸಾ.”

“ಮಕ್ಕಳು?”

“ಮಕ್ಳಿಗೆ ನಿಮ್ಮದು ಕೇಳಿ ಕೇಳಿ ಅಭ್ಯಾಸ ಆಗೈತೆ. ಅವು ಯಾವ ಸೀಟಿಗೂ ನಿಲ್ಲಲ್ಲ.”

ವಾಹನ ನಿಲ್ಲಿಸಲು ಅವರು ಬಳಸುತ್ತಿದ್ದದ್ದು ಕೈ ಮಾತ್ರ. ಅದೂ ಪುಸ್ತಕದಲ್ಲಿರುವ ಹಾಗಲ್ಲ. ತೋಳು ನೇರವಾಗಿ ಪಕ್ಕಕ್ಕೆ ಚಾಚಿ, ಅಂಗೈಯನ್ನು ನೆಲಕ್ಕೆ ಮುಖ ಮಾಡಿ, ಗಾಳಿಯನ್ನು ಮೆಲ್ಲಗೆ ಅದುಮುವ ಹಾಗೆ. ಕೈ ಮೇಲೆತ್ತಿದರೆ ಆಶೀರ್ವಾದ ಮಾಡಿದಂಗೆ ಆಗ್ತೈತೆ, ಲಾರಿಯವರು ಕೈ ಮುಗಿದು ಮುಂದಕ್ಕೆ ಹೋಗ್ತಾರೆ ಎನ್ನುತ್ತಿದ್ದರು. ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗಿರುತ್ತಿತ್ತು. ಹೊರಗೆ ಪಟ್ಟಿ ಮಾತ್ರ. ಹೊರಗೆ ಕಟ್ಟಿಕೊಂಡರೆ ಬಿಸಿಲಿಗೆ ಗಾಜು ಮಿಂಚಿ ಡ್ರೈವರಿನ ಕಣ್ಣಿಗೆ ಹೊಡೆಯುತ್ತದಂತೆ. ಆ ಅದುಮುವ ಕೈ ಅವರು ಪೊಲೀಸಿಗೆ ಸೇರುವ ಮೊದಲೇ ಕಲಿತದ್ದು. ಊರು ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಹತ್ತಿರ. ಮನೆಯಲ್ಲಿ ಕುರಿ ಇದ್ದವು. ಹೈಸ್ಕೂಲು ಮುಗಿಯುವವರೆಗೆ ಬಂಡೆಗಳ ನಡುವೆ ಅವುಗಳ ಹಿಂದೆ ತಿರುಗಿದವರು.

ಅವರ ದಂಡ ವಸೂಲಿಯ ಕ್ರಮ ಗಮನಕ್ಕೆ ಬಂದದ್ದು ಒಂದು ಸಂಜೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಆಗ ಟೈರ್ ಅಂಗಡಿ ಇಟ್ಟುಕೊಂಡಿದ್ದವನು, ಇಸ್ತ್ರಿ ಅಂಗಿ ತೊಟ್ಟು ಎರಡನೇ ಕ್ಲಾಸಿನ ಇಬ್ಬರು ಹುಡುಗಿಯರ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದ. ಮುಖ ಕೆಂಪಾಗಿತ್ತು.

“ಏನೋ ಇದು?” ಎಂದೆ.

“ಹೆಲ್ಮೆಟ್ ಹಾಕ್ಕಂಡಿರ್ಲಿಲ್ಲ ಸಾ. ಬೈಕಿನ ಕೀ ದಫೇದಾರ್ ಹತ್ರ ಐತೆ. ಹತ್ತು ಮಕ್ಳನ್ನ ದಾಟ್ಸಿದ್ರೆ ಕೊಡ್ತಾರಂತೆ. ಆರಾಗೈತೆ.”

“ಏಳನೇದು ಬಾ, ಗಟ್ಟಿಯಾಗಿ ಎಣ್ಸು” ಎಂದು ದಫೇದಾರರು ಅಲ್ಲಿಂದಲೇ ಕೂಗಿದರು. “ನಿಮ್ಮ ಮೇಷ್ಟ್ರಿಗೂ ಕೇಳಿಸ್ಲಿ.”

ಮೊದಲ ಸಲದ ತಪ್ಪಿಗೆ ಇದೇ ದಂಡ. ಎರಡನೆಯ ಸಲಕ್ಕೆ ರಸೀದಿ. ಸಂಜೆಯ ಅರ್ಧ ಗಂಟೆಯಲ್ಲಿ ಅವರ ಜೊತೆ ಹೀಗೆ ಇಬ್ಬರೋ ಮೂವರೋ ಇರುತ್ತಿದ್ದರು: ಬೇಕರಿಯವನು, ಎಣ್ಣೆ ಮಿಲ್ಲಿನ ಗುಮಾಸ್ತ, ಒಮ್ಮೆ ಒಬ್ಬ ಮದುಮಗ. ಒಂದು ದಿನ ಜೀಪಿನಲ್ಲಿ ಬಂದ ಮುಖಂಡರೊಬ್ಬರು ಗಾಜು ಇಳಿಸಿ, “ನಾನು ಯಾರು ಗೊತ್ತೇನ್ರಿ?” ಎಂದರು.

“ಗೊತ್ತೈತೆ ಅಣ್ಣಾ. ಅದಕ್ಕೇ ನಿಮಗೆ ಹನ್ನೆರಡು.”

ಮುಖಂಡರು ಇಳಿದರು. ಮಕ್ಕಳು ತಮ್ಮ ಹೆಸರು, ತಂದೆಯ ಹೆಸರು, ಮನೆಯ ಮುಂದಿನ ಚರಂಡಿಯ ಸಂಗತಿ ಎಲ್ಲವನ್ನೂ ಅವರಿಗೆ ಹೇಳಿದವು. ಚರಂಡಿ ಮಾತ್ರ ಹಾಗೇ ಉಳಿಯಿತು.

ಇದು ನನಗೆ ಸರಿ ಕಾಣಲಿಲ್ಲವೆಂದು ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷ ನಾನು ಮೈದಾನದಲ್ಲಿ ಸುಣ್ಣದ ಗೆರೆ ಎಳೆದವನು. ಕಾಲು ಗೆರೆಯ ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ. ಓಡುವವನು ಯಾರ ಮಗ ಎಂದು ಗೆರೆ ಕೇಳುವುದಿಲ್ಲ. ದಫೇದಾರರು ಕೇಳುತ್ತಿದ್ದರು. ಒಬ್ಬನಿಗೆ ಹತ್ತು ಮಕ್ಕಳು, ಒಬ್ಬನಿಗೆ ರಸೀದಿ, ಇನ್ನೊಬ್ಬನಿಗೆ ಬರೀ ಬೈಗುಳ. ಒಬ್ಬಳು ಹೆಂಗಸು ಹೊಟ್ಟೆ ಹಿಡಿದುಕೊಂಡು ನಡುವೆ ಕೂತಿದ್ದ ಮೂವರ ಬೈಕನ್ನು ತಾವೇ ದಾರಿ ಬಿಡಿಸಿ ಕಳಿಸಿದರು. ಆ ದಿನ ಸರಿಯಿರಬಹುದು. ಆದರೆ ಮರುದಿನ ಅದನ್ನೇ ನೆಪಮಾಡಿ ಇನ್ನೊಬ್ಬ ಮೂವರನ್ನು ಹೇರಿಕೊಂಡು ಬರುವುದಿಲ್ಲವೆ? ಮನುಷ್ಯನ ಕಣ್ಣಿಗೆ ನಿಯಮ ಒಪ್ಪಿಸಿದರೆ ಆಗುವುದೇ ಹೀಗೆ ಎಂದು ನಾನು ನಂಬಿದ್ದೆ.

ಹಾಗಾಗಿ ಸಿಗ್ನಲ್ಲು ಮತ್ತು ಕ್ಯಾಮೆರಾ ಹಾಕಿಸಬೇಕೆಂಬ ಮನವಿಯನ್ನು ಬರೆದವನು ನಾನೇ. ನಿವೃತ್ತನಾದ ವರ್ಷ, ನೀಟಾದ ಅಕ್ಷರದಲ್ಲಿ, ಒಂದೂವರೆ ಪುಟ. ಬಡಾವಣೆಯವರೆಲ್ಲ ಸಹಿ ಹಾಕಿದರು. ಬೆನ್ನ ಹಿಂದೆ ಕೆಲಸ ಮಾಡುವ ಅಭ್ಯಾಸ ನನಗಿಲ್ಲ. ಕಳಿಸುವ ಮೊದಲು ಅದನ್ನು ದಫೇದಾರರ ಮುಂದೆ ಹಿಡಿದೆ. ಅವರು ಬೇವಿನ ಮರದ ಕೆಳಗೆ ಕೂತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು. ಕೈ ಒರೆಸಿಕೊಂಡು ಎರಡು ಸಲ ಓದಿದರು.

“ಕಂಬ ಮರದ ಕಡೆ ಅಂತ ಬರ್ದೀರಲ್ಲ ಸಾ. ಬ್ಯಾಡ. ಸಂಜೆಗೆ ನೆರಳು ಬೀಳ್ತೈತೆ, ನಂಬರ್ ಕಾಣಲ್ಲ. ಈಚೆ ಕಡೆ ಹಾಕ್ಸಿ.”

“ನಿಮಗೆ ಬೇಜಾರಿಲ್ವಾ?”

“ಯಾಕೆ ಬೇಜಾರು? ಅದಕ್ಕೆ ಮೊಣಕಾಲು ನೋಯಲ್ಲ. ಬೀಗರಿಲ್ಲ. ನನಗೆ ಊರ ತುಂಬಾ ಬೀಗರು. ಒಬ್ಬನ್ನ ಹಿಡಿದ್ರೆ ನಾಕು ಮನೆ ಊಟ ತಪ್ತೈತೆ. ನಾನು ಸೈನ್ ಮಾಡಂಗಿಲ್ಲ, ಮಾಡಂಗಿದ್ರೆ ಮೊದಲು ನಂದೇ ಹಾಕ್ತಿದ್ದೆ.”

ಕಾಗದ ಮಡಚಿ ಕೊಡುತ್ತಾ ಮತ್ತೊಂದು ಮಾತು ಹೇಳಿದರು. “ಆದ್ರೆ ಒಂದು ಸಾ. ಅದು ಹಿಡೀತೈತೆ. ನಿಲ್ಸಲ್ಲ.”

ಆ ಮಾತಿಗೆ ನಾನು ಆಗ ಹೆಚ್ಚು ಗಮನ ಕೊಡಲಿಲ್ಲ. ಕಂಬದ ಜಾಗವನ್ನು ಮಾತ್ರ ತಿದ್ದಿದೆ.

ಕುರಿಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶೇಂಗಾ ಕಿತ್ತ ಮೇಲೆ ಹೊಲಗಳು ಖಾಲಿಯಾಗುತ್ತವೆ. ಹಿಂಡುಗಳು ಈ ಕಡೆಯಿಂದ ಆ ಕಡೆಗೆ ನಮ್ಮ ಕ್ರಾಸಿನಲ್ಲೇ ದಾಟುತ್ತವೆ. ಮುನ್ನೂರು, ನಾನೂರು ಕುರಿ. ಮುಂದೆ ಕಂಬಳಿ ಹೊದ್ದ ಒಬ್ಬ, ಕೊನೆಯಲ್ಲಿ ಎಳೆಮರಿಗಳನ್ನು ಬುಟ್ಟಿಯಲ್ಲಿ ಹೊತ್ತ ಹೆಂಗಸರು. ದಫೇದಾರರು ಮೊದಲು ಎರಡೂ ಬದಿಯ ವಾಹನ ನಿಲ್ಲಿಸಿ, ಆಮೇಲೆ ಹಿಂಡನ್ನು ಬಿಡುತ್ತಿದ್ದರು. ಗಡಿ ಕಡೆಯ ಕುರಿಗಾಹಿಗಳ ಜೊತೆ ತೆಲುಗಿನಲ್ಲೇ ಮಾತು. “ಆಗಣ್ಣಾ, ಆಗು” ಎಂದು ತಡೆದರೆ ಮುಂದಿನವನು ಕೋಲು ಅಡ್ಡ ಹಿಡಿದು ನಿಲ್ಲುತ್ತಿದ್ದ. ಹಿಂಡು ಹೊರಟ ಮೇಲೆ ದಫೇದಾರರು ಅದರ ಮುಂಭಾಗದತ್ತ ತಿರುಗಿಯೂ ನೋಡುತ್ತಿರಲಿಲ್ಲ. ಕಣ್ಣೆಲ್ಲ ಬಾಲದ ಕಡೆಗೆ.

“ಮುಂದಲದ್ದು ಅದರ ಪಾಡಿಗೆ ಹೋಗ್ತೈತೆ” ಎಂದು ಒಮ್ಮೆ ನನಗೆ ವಿವರಿಸಿದರು. “ನಡುವೆ ಗಾಡಿ ನುಗ್ಗಿ ಹಿಂಡು ಎರಡಾದ್ರೆ ತಾಯಿ ಆಕಡೆ, ಮರಿ ಈಕಡೆ. ಹಿಂದಲದ್ದು ಗಾಬರಿಯಾಗಿ ಓಡ್ತೈತೆ. ಚಕ್ರಕ್ಕೆ ಸಿಗೋದು ಯಾವಾಗ್ಲೂ ಅದೇ. ಕೊನೇದನ್ನ ನೋಡ್ಬೇಕು ಸಾ. ಮಕ್ಳಲ್ಲೂ ಅಷ್ಟೇ. ಚಪ್ಪಲಿ ಸರಿಮಾಡ್ಕಂತಾ ಒಂದು ಹಿಂದೆ ಉಳಿದೇ ಇರ್ತೈತೆ.”

ಹನ್ನೊಂದು ವರ್ಷದಲ್ಲಿ ಆ ಕ್ರಾಸಿನಲ್ಲಿ ಒಂದು ಮಗುವೂ ಬಿದ್ದಿರಲಿಲ್ಲ. ಅವರು ತಮ್ಮ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದದ್ದು ಅದೊಂದನ್ನೇ. ಹೇಳಿ, ತಕ್ಷಣ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದರು.

ಮನವಿ ಹೋಗಿ ಒಂದು ವರ್ಷಕ್ಕೆ ಕಂಬ ಬಂತು. ನೇರವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ: ಮೊದಲ ಕೆಲವು ತಿಂಗಳು ಫಲ ಚೆನ್ನಾಗಿತ್ತು. ಹೆಲ್ಮೆಟ್ಟುಗಳು ಹೊರಬಂದವು. ಲಾರಿಗಳು ಬಿಳಿ ಗೆರೆಯ ಹಿಂದೆ ಸಾಲಾಗಿ ನಿಂತವು. ಮುಖಂಡರ ಜೀಪಿಗೂ ನೋಟಿಸು ಹೋಯಿತಂತೆ. ನಾನು ಬೆಳಗಿನ ನಡಿಗೆಯನ್ನು ಆ ಕಡೆಗೆ ತಿರುಗಿಸಿಕೊಂಡು, ಗೆರೆಯನ್ನು ನೋಡಿ ಸಂತೋಷಪಟ್ಟೆ.

ಆಮೇಲೆ ಜನ ಕಂಬವನ್ನು ಕಲಿತರು. ಕಂಬದ ಮುಂದೆ ದೇವಸ್ಥಾನದ ಮುಂದೆ ನಡೆದುಕೊಂಡಂತೆ ನಡೆದುಕೊಂಡರು. ದಾಟಿ ನೂರು ಗಜಕ್ಕೆ ಹೆಲ್ಮೆಟ್ಟು ಮತ್ತೆ ಕೈಗೆ ಬರುತ್ತಿತ್ತು. ಆಯುಧಪೂಜೆಯಲ್ಲಿ ನಂಬರ್ ಪ್ಲೇಟಿಗೆ ಕಟ್ಟಿದ ಚೆಂಡುಹೂವಿನ ಹಾರ ದೀಪಾವಳಿ ಕಳೆದರೂ ಬಿಚ್ಚಲಿಲ್ಲ. ರಾಂಪುರದ ಕಡೆಯ ಒಬ್ಬ ಮುದುಕ ಪ್ಲಾಸ್ಟಿಕ್ ಚೀಲದ ತುಂಬ ನೋಟಿಸು ತುಂಬಿಕೊಂಡು ಬಂದು ಕಂಬದ ಕೆಳಗೆ ದಫೇದಾರರನ್ನು ಹುಡುಕಿದ. ಬೈಕನ್ನು ಅವನು ಯಾವತ್ತೋ ಮಾರಿದ್ದ. ಎಲೆ ಅಡಿಕೆ ಕೊಟ್ಟು ಕೈಯಲ್ಲಿ ಕೈಯಿಟ್ಟು ಮಾರಿದ್ದ. ಹೆಸರು ಬದಲಾಯಿಸುವ ಪದ್ಧತಿ ಆ ಕಡೆ ಇರಲಿಲ್ಲ. “ಯಾರೋ ಓಡಿಸ್ತಾನೆ, ನನಗೆ ಬರ್ತೈತೆ. ಎಲ್ಲಿ ಆ ಪೊಲೀಸಪ್ಪ?” ಎಂದು ಕೇಳಿದ.

ಪೊಲೀಸಪ್ಪ ಅಲ್ಲಿರಲಿಲ್ಲ. ಕ್ರಾಸಿಗೆ ಇನ್ನು ಆಳು ಬೇಡವೆಂದು ತೀರ್ಮಾನವಾಗಿತ್ತು. ಅವರ ಮೊಣಕಾಲನ್ನೂ ಗಮನಿಸಿ, ಬೇರೆ ಊರಿನ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂಡಿಸಿದ್ದರು. ಕ್ಯಾಮೆರಾ ತೆಗೆದ ಚಿತ್ರಗಳು ಒಂದೊಂದಾಗಿ ಬರುತ್ತವೆ. ತಪ್ಪು ಹೌದೋ ಅಲ್ಲವೋ ನೋಡಿ ಒತ್ತಬೇಕು. ಹೌದು ಎಂದರೆ ನೋಟಿಸು ಹೋಗುತ್ತದೆ. ಅಲ್ಲ ಎಂದರೆ ಕಾರಣ ಆರಿಸಬೇಕು. ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು, ಸಕ್ಕರೆಯಿಲ್ಲದ ನನ್ನ ಚಹಾವನ್ನು ಮುಖ ಕಿವುಚಿಕೊಂಡು ಕುಡಿಯುತ್ತಾ ಅಲ್ಲಿಯ ಸುದ್ದಿ ಹೇಳುತ್ತಿದ್ದರು.

“ಅರ್ಧಕ್ಕರ್ಧ ಪರಿಚಯದ ಮುಖಗಳೇ ಸಾ. ಈ ಸಲ ನಿಮ್ಮ ಟೈರ್ ಅಂಗಡಿಯವನು ಬಂದ. ಹೆಲ್ಮೆಟ್ ಐತೆ, ಸರಿಯಾಗಿ ಹಾಕ್ಕಂಡಾನೆ. ಫೋನ್ ಹೆಲ್ಮೆಟ್ ಒಳಗೆ ಸಿಗಿಸ್ಕಂಡಾನೆ. ಅಲ್ಲೇ ಲೇ ಅಂದುಬಿಟ್ಟೆ. ಪಕ್ಕದ ಕುರ್ಚಿ ಹುಡುಗಿ ಗಾಬರಿ ಬಿದ್ಲು.”

ಇನ್ನೊಂದು ಭಾನುವಾರ ಲೋಟ ಕೆಳಗಿಟ್ಟು ಹೇಳಿದರು. ಒಂದು ಬೈಕು, ಮೂವರು. ಹಿಂದೆ ಕೂತ ಹೆಂಗಸು ನಡುವೆ ಕೂತ ಹುಡುಗಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಾಳೆ. ಹುಡುಗಿಯ ತಲೆ ಒಂದು ಪಕ್ಕಕ್ಕೆ ವಾಲಿದೆ, ಕಾಲಿಗೆ ಸೀರೆಯ ತುಂಡು ಬಿಗಿದಿದ್ದಾರೆ. ಹಾವೇ ಕಚ್ಚಿರಬೇಕು ಎಂದುಕೊಂಡರು ದಫೇದಾರರು. ಅಲ್ಲ ಎಂದು ಒತ್ತಿದರು. ಕಾರಣಗಳ ಪಟ್ಟಿ ಬಂತು: ನಂಬರ್ ಕಾಣುತ್ತಿಲ್ಲ, ವಾಹನ ಬೇರೆ, ಚಿತ್ರ ಅಸ್ಪಷ್ಟ. ಮುಗಿಯಿತು, ಮೂರೇ.

“ಚಿತ್ರ ಕನ್ನಡಿ ಇದ್ದಂಗೆ ಇತ್ತು ಸಾ. ಹುಡುಗಿ ಬಳೆ ಎಣಿಸಬಹುದಿತ್ತು. ಅಸ್ಪಷ್ಟ ಅಂತ ಒತ್ತಿದೆ. ಸರ್ವೀಸ್‌ನಾಗೆ ನಾನು ಬರ್ದುಕೊಟ್ಟ ಸುಳ್ಳು ಅದೊಂದೇ.”

“ಒಂದೇನಾ?” ಎಂದೆ.

“ಬರ್ದುಕೊಟ್ಟಿದ್ದು ಒಂದೇ” ಎಂದು ನಕ್ಕರು. ಆಮೇಲೆ, “ಇಲ್ಲಿ ಆಗಿದ್ರೆ ಮುಂದೆ ಓಡಿ ದಾರಿ ಬಿಡಿಸ್ತಿದ್ದೆ. ಅಲ್ಲಿ ಕುಂತು ನೋಡೋ ಹೊತ್ತಿಗೆ ಅದು ನಾಕು ದಿನದ ಹಿಂದಿನ ಮಾತು. ಆ ಹುಡುಗಿ ಐತೋ ಇಲ್ಲೋ, ಯಾರನ್ನ ಕೇಳಾಣ?” ಎಂದರು.

ಅವರು ನಿವೃತ್ತರಾದರು. ಹೆಂಡತಿಯ ಕಡೆಯವರದು ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆ. ಅಲ್ಲಿಗೆ ಹೋಗಿ ನೆಲೆಸುವುದೆಂದಿತ್ತು. ಮಗಳ ಓದು ಇನ್ನೊಂದು ವರ್ಷ ಬಾಕಿಯಿದ್ದದ್ದರಿಂದ ಚಳ್ಳಕೆರೆಯ ಬಾಡಿಗೆ ಮನೆಯಲ್ಲೇ ಉಳಿದರು. ಆ ವರ್ಷವೇ ಕ್ರಾಸಿನಲ್ಲಿ ಮೊದಲ ಮಗು ಬಿತ್ತು.

ಐದನೇ ಕ್ಲಾಸಿನ ಹುಡುಗಿ. ದಾಟುವ ದೀಪ ಬಂದಾಗ ಎಲ್ಲರ ಜೊತೆ ಹೊರಟಿದ್ದಾಳೆ. ನಡುವೆ ಚಪ್ಪಲಿ ಕಳಚಿದೆ. ಎರಡು ಹೆಜ್ಜೆ ಹಿಂದೆ ಹೋಗಿದ್ದಾಳೆ. ಅಷ್ಟರಲ್ಲಿ ವಾಹನಗಳಿಗೆ ಹಸಿರು ಬಿದ್ದಿದೆ. ಲಾರಿಯವನು ಹಸಿರು ನೋಡಿ ಹೊರಟಿದ್ದಾನೆ, ನಿಧಾನವಾಗಿಯೇ ಹೊರಟಿದ್ದಾನೆ. ಲಾರಿಯ ಮೂಲೆ ಶಾಲೆಯ ಚೀಲಕ್ಕೆ ತಾಗಿ ಹುಡುಗಿ ಬಿದ್ದಳು. ಮುಂಗೈ ಮೂಳೆ ಮುರಿಯಿತು. ಊಟದ ಡಬ್ಬಿ ಚಕ್ರದಡಿ ಹಪ್ಪಳವಾಯಿತು. ಕೈ ಆರು ವಾರದಲ್ಲಿ ಕೂಡಿಕೊಂಡಿತು.

ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಅದರ ಪ್ರಕಾರ ಅಂದು ಆ ಕ್ರಾಸಿನಲ್ಲಿ ಯಾವ ತಪ್ಪೂ ನಡೆದಿರಲಿಲ್ಲ.

ಮರುದಿನ ನಾನು ಅಳತೆಪಟ್ಟಿ ಮತ್ತು ಸ್ಟಾಪ್‌ವಾಚು ತೆಗೆದುಕೊಂಡು ಹೋದೆ. ರಸ್ತೆ ಅಳೆದೆ. ಎರಡನೇ ಕ್ಲಾಸಿನ ಮಗು ಚೀಲ ಹೊತ್ತು ನಡೆಯುವ ವೇಗ ನೋಡಿದೆ. ಕೊನೆಯ ಮಗು ಆಚೆ ಮುಟ್ಟಲು ಮೂವತ್ತೊಂದು ಸೆಕೆಂಡು. ಸಿಗ್ನಲ್ಲು ಕೊಡುತ್ತಿದ್ದದ್ದು ಇಪ್ಪತ್ತೆರಡು. ಒಂಬತ್ತು ಸೆಕೆಂಡಿನ ಲೆಕ್ಕವನ್ನು ಪಟ್ಟಿ ಸಮೇತ ಎರಡನೆಯ ಮನವಿಯಾಗಿ ಬರೆದೆ. ತಲುಪಿದೆ ಎಂಬ ಉತ್ತರ ಬಂತು. ಸಮಯ ನಿಗದಿ ಮಾಡುವವರು ಬೇರೆ, ಕಂಬ ನೋಡಿಕೊಳ್ಳುವವರು ಬೇರೆ, ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದಿತ್ತು. ಸಿಗ್ನಲ್ಲು ಇವತ್ತಿಗೂ ಇಪ್ಪತ್ತೆರಡೇ.

ನಾನು ಅಳೆಯುತ್ತಿದ್ದ ಆ ದಿನವೇ, ನಾಲ್ಕೂ ಹತ್ತಕ್ಕೆ, ದಫೇದಾರರು ಬಂದು ನಿಂತರು. ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು.

“ಯಾರ ಅಪ್ಪಣೆ?” ಎಂದೆ. ಅದು ನನ್ನ ಅಭ್ಯಾಸದ ಪ್ರಶ್ನೆ.

“ಅಪ್ಪಣೆ ಇಲ್ಲ ಸಾ. ಚಹಾ ಕುಡಿಯಾಕೆ ಬಂದಿದ್ದೆ, ನಿಂತ್ಕಂಡಿದೀನಿ.”

ಚಹಾದ ಅಂಗಡಿ ಕ್ರಾಸಿನ ಇನ್ನೊಂದು ಬದಿಯಲ್ಲಿತ್ತು. ಆ ವರ್ಷ ಶಾಲೆಯಿದ್ದ ಒಂದು ದಿನವೂ ಅವರು ತಪ್ಪಿಸಲಿಲ್ಲ. ಹೊರಗಿನ ಡ್ರೈವರುಗಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ. “ಲೇ ಮುದುಕ, ಗ್ರೀನ್ ಬಿದ್ದೈತೆ, ಕಣ್ಣು ಕಾಣಲ್ವಾ?” ಎಂದು ಒಬ್ಬ ಕೂಗಿದ. “ಕಾಣ್ತೈತಪ್ಪಾ. ಗ್ರೀನ್ ಇನ್ನೊಂದು ಬರ್ತೈತೆ, ಕಾಯಿ” ಎಂದರು ಇವರು, ಕೈ ಇಳಿಸದೆ.

ಶೇಂಗಾ ಮುಗಿದ ಕಾಲದಲ್ಲಿ ಒಂದು ಸಂಜೆ, ನಾನು ಸ್ಕೂಟರಿನಲ್ಲಿ ಬರುತ್ತಿದ್ದೆ. ಸಿಗ್ನಲ್ಲು ಹಸಿರಾಗಿತ್ತು. ಆದರೂ ಎಲ್ಲರೂ ನಿಂತಿದ್ದರು, ಏಕೆಂದರೆ ದಫೇದಾರರ ಕೈ ಚಾಚಿತ್ತು. ಕುರಿ ಹಿಂಡೊಂದು ದಾಟುತ್ತಿತ್ತು, ಅದರ ಜೊತೆಯಲ್ಲೇ ಶಾಲೆಯ ಮಕ್ಕಳೂ ನುಗ್ಗಿದ್ದವು. ನಾನು ಗೆರೆಯ ಹಿಂದೆ ನಿಂತೆ. ನನ್ನ ಬಲಕ್ಕೆ ಒಂದು ಟಿಪ್ಪರು. ಅದರವನು ಎಕ್ಸಿಲರೇಟರ್ ಒತ್ತಿ ಒತ್ತಿ ಗುರುಗುಟ್ಟಿಸುತ್ತಾ ಇಂಚಿಂಚೇ ಮುಂದೆ ಸರಿಯುತ್ತಿದ್ದ. ದಫೇದಾರರು ಹಿಂಡಿನ ಬಾಲದ ಹತ್ತಿರ ಇದ್ದರು. ಅಲ್ಲಿಂದ ಬಿಟ್ಟು ಬರುವ ಹಾಗಿರಲಿಲ್ಲ. ನನ್ನನ್ನು ಕಂಡರು.

“ಸಾ! ಗಾಡಿ ಮುಂದೆ ತಂದು ಅಡ್ಡ ನಿಲ್ಸಿ!”

“ಗೆರೆ ಐತಲ್ರಿ!” ಎಂದೆ. ನನ್ನ ಬಾಯಲ್ಲೂ ಅವರ ಮಾತೇ ಬಂತು.

“ಗೆರೆ ಅಲ್ಲೇ ಇರ್ತೈತೆ, ಬರ್ರಿ!”

ಹೋದೆ. ಗೆರೆ ದಾಟಿ, ಟಿಪ್ಪರಿನ ಮೂತಿಗೆ ಅಡ್ಡಲಾಗಿ ಸ್ಕೂಟರು ನಿಲ್ಲಿಸಿದೆ. ಟಿಪ್ಪರಿನವನು ನನ್ನ ವಂಶದ ವಿಚಾರ ಕೆಲವು ಮಾತಾಡಿದ. ಹಸಿರು ಹೋಗಿ ಕೆಂಪಾಯಿತು. ಕೊನೆಯ ಹೆಂಗಸು ಮರಿಗಳ ಬುಟ್ಟಿ ಹೊತ್ತು ದಾಟಿದಳು. ಅವಳ ಹಿಂದೆ ಒಬ್ಬ ಹುಡುಗಿ ಒಂದು ಮರಿಯನ್ನು ಮುಟ್ಟುತ್ತಾ ಮುಟ್ಟುತ್ತಾ ಹೋದಳು. ಆಗ ಕೈ ಇಳಿಯಿತು.

ಹನ್ನೆರಡನೆಯ ದಿನ ನೋಟಿಸು ಬಂತು. ಕೆಂಪು ದೀಪದಲ್ಲಿ ನಿಲುಗಡೆ ಗೆರೆ ದಾಟಿ ನಿಂತದ್ದಕ್ಕೆ ಐನೂರು ರೂಪಾಯಿ. ಜೊತೆಗೆ ಚಿತ್ರ. ನನ್ನ ನಂಬರು ಸ್ಪಷ್ಟವಾಗಿತ್ತು. ಚಕ್ರಗಳೆರಡೂ ಗೆರೆಯ ಆಚೆ ಇದ್ದವು. ವಾದಿಸಲು ಏನೂ ಇರಲಿಲ್ಲ, ನಾನು ದಾಟಿದ್ದೆ. ಮರುದಿನ ಹತ್ತೂವರೆಗೆ ಹೋಗಿ ಕಟ್ಟಿ, ರಸೀದಿಯನ್ನು ನೋಟಿಸಿಗೆ ಪಿನ್ನು ಹಾಕಿ ಕಡತದಲ್ಲಿಟ್ಟೆ. ಸಂಜೆ ದಫೇದಾರರಿಗೆ ಹೇಳಿದೆ. ಅವರು ಬೇವಿನ ಮರಕ್ಕೆ ಒರಗಿ ನಕ್ಕರು.

“ಕಟ್ಟಿದ್ರಾ? ಅದು ಅವರ ದಂಡ ಸಾ. ನಂದು ಬಾಕಿ ಐತೆ. ಮೊದಲನೇ ಸಲ. ಹತ್ತು ಮಕ್ಳು.”

ನಾನೂ ನಕ್ಕೆ. ಅಲ್ಲಿಗೆ ಬಿಟ್ಟೆ.

ಮಗಳ ಓದು ಮುಗಿಯಿತು. ಅವಳಿಗೆ ರಾಂಪುರದ ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ದಫೇದಾರರು ಮೊಳಕಾಲ್ಮೂರಿಗೆ ಹೋದರು. ಹೋಗುವ ದಿನ ನಮ್ಮ ಮನೆಗೆ ಬಂದು, “ಸಂಜೆ ನಾಕೂ ಇಪ್ಪತ್ತಕ್ಕೆ ಆ ಕಡೆ ಹೋಗ್ತಿರ್ರಿ ಸಾ” ಎಂದಷ್ಟೇ ಹೇಳಿದರು. ಆ ಹೊತ್ತಿನಲ್ಲಿ ನಾನು ದಿನಪತ್ರಿಕೆಯನ್ನು ಎರಡನೆಯ ಸಲ ಓದುತ್ತೇನೆ. ನಾಲ್ಕರಿಂದ ಐದು. ನಿವೃತ್ತನಾದಾಗಿನಿಂದ ಅದೇ ಕ್ರಮ. ಶಾಲೆಯವರು ಜವಾನನ ಕೈಗೆ ಕೆಂಪು ಬಾವುಟ ಕೊಟ್ಟು ನಿಲ್ಲಿಸಿದರು. ಕೆಲವು ದಿನ ಅವನು ನಿಂತ. ಆಮೇಲೆ ಬಾವುಟವನ್ನು ಗೇಟಿಗೆ ಕಟ್ಟಿದ. ಮತ್ತೆ ಮಗು ಬಿದ್ದ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ. ನಾನು ಕೇಳಲೂ ಇಲ್ಲ.

ಗುರುವಾರ ಬೆಳಿಗ್ಗೆ ಎಂಟೂ ಕಾಲರ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ. ಬೀದಿಯ ಉದ್ದಕ್ಕೂ ಮಗ್ಗದ ಸದ್ದಿತ್ತು. ಅವರ ಮನೆಯ ಮಗ್ಗ ನಿಂತಿತ್ತು, ಅರ್ಧ ನೆಯ್ದ ಸೀರೆಯ ಮೇಲೆ ಬಟ್ಟೆ ಮುಚ್ಚಿದ್ದರು. ಹೆಂಡತಿ ನನ್ನನ್ನು ನೋಡಿ, “ಬರ್ರಿ ಸಾ. ಸಕ್ಕರೆ ಇಲ್ದಿದ್ದ ಚಹಾ ಮೇಷ್ಟ್ರು ಅಂತ ನಿಮ್ಮ ಮಾತು ದಿನಾ ತೆಗೀತಿದ್ರು” ಎಂದರು. ಮಗಳಿಗೆ ನೋಟಿಸಿನ ಚಿತ್ರ ಕೊಟ್ಟೆ. ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ಇದ್ರಾಗೆ ನಿಮ್ಮ ಸ್ಕೂಟರ್ ಐತೆ ಸಾ. ಅಪ್ಪಾಜಿ ಎಲ್ಲಿದಾರೆ?”

ಎಡ ಅಂಚನ್ನು ತೋರಿಸಿದೆ. ಅಲ್ಲಿ ಚೌಕಟ್ಟು ಕತ್ತರಿಸಿದ ಕಡೆಯಿಂದ ಒಂದು ಕೈ ಒಳಗೆ ಬಂದಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ. ಅಂಗೈ ನೆಲದ ಕಡೆಗೆ. ಮಣಿಕಟ್ಟಿನ ಮೇಲೆ ಗಡಿಯಾರದ ಪಟ್ಟಿ ಮಾತ್ರ ಕಾಣುತ್ತದೆ. ಅದರ ಕೆಳಗೆ ಒಂದು ಕುರಿಯ ಬೆನ್ನು.

ಅವಳು ನನ್ನ ಸ್ಕೂಟರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ನೋಡಿದಳು. ಆಮೇಲೆ ಒಳಗೆ ತಿರುಗಿ, “ಅವ್ವಾ, ಬಾರವ್ವಾ ಇಲ್ಲಿ” ಎಂದು ಕರೆದಳು. ಆ ತಾಯಿ ಬಂದು ನೋಡಿ, “ಅವರೇ” ಎಂದರು. “ಅಷ್ಟನ್ನೇ ದೊಡ್ಡದು ಮಾಡಿಸ್ತೀನಿ ಸಾ, ಐಡಿ ಕಾರ್ಡಿಂದರ ಪಕ್ಕಕ್ಕೆ” ಎಂದಳು ಮಗಳು. ನೋಟಿಸನ್ನು ಅವರಲ್ಲೇ ಬಿಟ್ಟೆ. ರಸೀದಿಯನ್ನು ಪಿನ್ನು ಬಿಚ್ಚಿ ವಾಪಸು ತಂದೆ.

ಒಂದೂವರೆಯ ಬಸ್ಸು ಹಿಡಿದು ಚಳ್ಳಕೆರೆಗೆ ಬಂದಾಗ ಮೂರೂ ಐವತ್ತು. ನಾಲ್ಕಕ್ಕೆ ಮನೆಯಲ್ಲಿರಬಹುದಾಗಿತ್ತು. ಕ್ರಾಸಿಗೆ ನಡೆದೆ. ಸೀಟಿ ಕೊರಳಲ್ಲಿರಲಿಲ್ಲ, ಬೇಕೂ ಇರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಗಂಟೆ ಹೊಡೆಯಿತು. ನಾನು ರಸ್ತೆಗಿಳಿದು ತೋಳು ಚಾಚಿದೆ. ಅಂಗೈಯನ್ನು ನೆಲದ ಕಡೆಗೆ ತಿರುಗಿಸಿದೆ. ಒಂದು ಬಸ್ಸು, ಎರಡು ಬೈಕು ನಿಂತವು. ಮಕ್ಕಳು ಹೊರಟವು. ಗಟ್ಟಿಯಾಗಿ ಎಣಿಸಿದೆ.

ಹತ್ತಾಯಿತು. ದೀಪ ಹಸಿರಾಯಿತು. ಬಸ್ಸಿನವನು ಹಾರ್ನ್ ಒತ್ತಿದ. ಹನ್ನೊಂದನೆಯದು ಇನ್ನೂ ರಸ್ತೆಯ ನಡುವೆ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿತ್ತು. ನಾನು ಕೈ ಇಳಿಸಲಿಲ್ಲ.